ಮುಂದಿನ ಮನೆಯ ಸರದಿ

ಅಧ್ಯಕ್ಷಸ್ಥಾನದಲ್ಲಿರುವ ಪೂಜ್ಯ ಸಭಾಪಾಲಕರೇ, ನೆರೆಯ ಚರ್ಚಿನ ಸಭೆಗಳಿಂದ ದೂರವೆನ್ನದೆ ಬಂದಿರುವ ಅತಿಥಿಗಳೇ, ಗಾಯನ ಮಂಡಳಿಯ ಸಹೋದರ ಸಹೋದರಿಯರೇ, ಹೊಟ್ಟೆತುಂಬ ಊಟವಾದ ಮೇಲೂ ಭಾಷಣ ಕೇಳುವ ಧೈರ್ಯ ಮಾಡಿ ಕುಳಿತಿರುವ ನನ್ನ ಪ್ರೀತಿಯ ಸಭಿಕರೇ,

ನಾನು ಭಾಷಣಕಾರನಲ್ಲ. ಈ ಮಾತನ್ನು ಎಲ್ಲ ಭಾಷಣಕಾರರೂ ಮೊದಲು ಹೇಳುತ್ತಾರೆ, ಆಮೇಲೆ ಮೈಕು ಬಿಡುವುದಿಲ್ಲ. ಆದರೆ ನನ್ನ ವಿಷಯದಲ್ಲಿ ಅದು ನಿಜ. ನಾನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ನನಗೆ ಬರುವ ಭಾಷಣ ಒಂದೇ: ‘ಕ್ಲಚ್ ಬಿಡಿ, ನಿಧಾನ, ನಿಧಾನ, ಅಯ್ಯೋ, ನಿಧಾನ ಅಂದೆನಲ್ಲ!’ ಈ ಸಭಾಂಗಣದಲ್ಲಿ ಕುಳಿತಿರುವ ಅರ್ಧ ಜನ ಆ ಭಾಷಣವನ್ನು ನನ್ನ ಬಾಯಿಂದ ಕೇಳಿದವರೇ. ನಗಬೇಡಿ. ನಿಮ್ಮಿಂದಲೇ ನನ್ನ ತಲೆ ಇಷ್ಟು ಬೇಗ ಬೆಳ್ಳಗಾಯಿತು.

ಅತಿಥಿಗಳು ನನ್ನನ್ನು ಒಂದು ಪ್ರಶ್ನೆ ಕೇಳಿದ್ದಾರೆ. ಮನಸ್ಸಿನ ಕಾಯಿಲೆ ಇರುವವರ ಮನೆಯವರು, ಅಂಗವೈಕಲ್ಯ ಇರುವವರ ಮನೆಯವರು ಬೇರೆ ಸಭೆಗಳಲ್ಲಿ ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ, ನಿಮ್ಮ ಸಭೆಯಲ್ಲಿ ಹೇಗೆ ಒಬ್ಬೊಬ್ಬರಾಗಿ ಬಂದರು? ನಿಮ್ಮ ಯೋಜನೆ ಏನು? ಅದನ್ನು ನಮಗೂ ಹೇಳಿಕೊಡಿ ಎಂದಿದ್ದಾರೆ. ನಾನು ಆ ಪ್ರಶ್ನೆಯನ್ನು ಇಟ್ಟುಕೊಂಡು ವಾರವೆಲ್ಲ ಯೋಚಿಸಿದೆ. ಯೋಜನೆ ಎಲ್ಲಿತ್ತು? ಯೋಜನೆ ಇರಲಿಲ್ಲ. ಒಂದು ತಪ್ಪು ನಡೆಯಿತು. ಆ ತಪ್ಪನ್ನು ಯಾರೂ ತಿದ್ದಲಿಲ್ಲ. ಅಷ್ಟೇ ನಮ್ಮ ಸಾಧನೆ.

ಈ ವೇದಿಕೆಯಲ್ಲಿ ನಿಂತು ಮಾತಾಡಬೇಕಾದವಳು ನನ್ನ ಮಗಳು. ಅವಳು ಇಲ್ಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಾಳೆ. ನನ್ನಾಕೆ ಅವಳ ಜೊತೆಗೆ ಅಲ್ಲೇ ಇದ್ದಾಳೆ. ನಾನು ಮಗಳನ್ನು ಅಲ್ಲಿ ಸೇರಿಸಿ ಬಂದ ದಿನದಿಂದ ಅವಳು ನನ್ನ ಮುಖ ನೋಡುವುದಿಲ್ಲ ಎಂದಿದ್ದಾಳೆ. ‘ಅಪ್ಪ ಬೇಡ’ ಎಂದಿದ್ದಾಳೆ. ಇದನ್ನು ಮುಚ್ಚಿಟ್ಟು ಸ್ವಾಗತದ ಬಗ್ಗೆ ಭಾಷಣ ಮಾಡಿದರೆ ನನಗಿಂತ ಸುಳ್ಳುಗಾರ ಬೇರೆ ಯಾರೂ ಇರುವುದಿಲ್ಲ. ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಅತಿಥಿಗಳಿಗೆ ನಮ್ಮ ಪದ್ಧತಿಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಚರ್ಚಿನಲ್ಲಿ ಭಾನುವಾರ ಸತ್ಯವೇದದ ಪಾಠ ಓದುವವರು ಇಂಥವರೇ ಎಂದಿಲ್ಲ. ಮನೆ ಸರದಿ. ಬೀದಿಯ ಉದ್ದಕ್ಕೂ ಮನೆಯಿಂದ ಮನೆಗೆ ಸರದಿ ಸಾಗುತ್ತದೆ, ಕೊನೆಯ ಮನೆ ಮುಟ್ಟಿ ಮತ್ತೆ ಮೊದಲಿಗೆ ಬರುತ್ತದೆ. ಇದಕ್ಕೆ ಪಟ್ಟಿಯಿಲ್ಲ, ಫಲಕವಿಲ್ಲ. ಈ ಭಾನುವಾರ ಓದಿದವರು ಸಂಜೆ ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿ, ‘ಮುಂದಿನ ವಾರ ನಿಮ್ಮ ಸರದಿ’ ಎನ್ನಬೇಕು. ಒಮ್ಮೆ ಬಾಗಿಲು ತಟ್ಟಿ ಹೇಳಿದ ಮೇಲೆ ಮುಗಿಯಿತು, ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ನಮ್ಮ ತಾತಂದಿರ ಕಾಲದಿಂದ ಬಂದದ್ದು. ಸಭಾಪಾಲಕರು ಬದಲಾದರು, ಹೆಂಚು ಹೋಗಿ ತಾರಸಿ ಬಂತು, ಈ ಪದ್ಧತಿ ಮಾತ್ರ ಬದಲಾಗಲಿಲ್ಲ.

ನಮ್ಮ ಮಗಳಿಗೆ ಕಾಯಿಲೆ ಶುರುವಾದದ್ದು ಕಾಲೇಜು ಮುಗಿಸುವ ಹೊತ್ತಿಗೆ. ಯಾರೂ ಇಲ್ಲದ ಕಡೆಯಿಂದ ಅವಳಿಗೆ ಮಾತು ಕೇಳಿಸತೊಡಗಿತು. ಆರಾಧನೆಯ ನಡುವೆ ಎದ್ದು ನಿಂತು ಯಾರಿಗೋ ಉತ್ತರ ಕೊಡುತ್ತಿದ್ದಳು. ಆಗಿನಿಂದ ಸರದಿ ನಮ್ಮ ಮನೆಯ ಮುಂದೆ ನಿಲ್ಲುವುದು ಬಿಟ್ಟುಹೋಯಿತು. ಸರದಿಯಲ್ಲಿ ನಮಗಿಂತ ಹಿಂದಿನ ಮನೆ ಟೈಲರಮ್ಮನದು, ಮುಂದಿನ ಮನೆ ಬೇಕರಿಯವರದು. ಟೈಲರಮ್ಮ ಓದಿದ ಸಂಜೆ ನಮ್ಮ ಗೇಟು ದಾಟಿಕೊಂಡು ಹೋಗಿ ಬೇಕರಿಯವರ ಬಾಗಿಲು ತಟ್ಟುತ್ತಿದ್ದರು. ಅವರ ಚಪ್ಪಲಿ ಸದ್ದು ನಮ್ಮ ಗೇಟಿನ ಹತ್ತಿರ ಮೆಲ್ಲಗಾಗಿ, ದಾಟಿದ ಮೇಲೆ ಜೋರಾಗುತ್ತಿತ್ತು. ನಾನು ಒಳಗೆ ಕುಳಿತು ಕೇಳುತ್ತಿದ್ದೆ. ಅವರದು ಕೆಟ್ಟ ಮನಸ್ಸೇ? ಖಂಡಿತ ಅಲ್ಲ. ‘ಪಾಪ, ಅವರಿಗೆ ಯಾಕೆ ತೊಂದರೆ’ ಎಂಬ ಒಳ್ಳೆಯ ಮನಸ್ಸು. ಸಭಿಕರೇ, ಕೆಟ್ಟ ಮನಸ್ಸಿನವರ ಜೊತೆ ಜಗಳವಾದರೂ ಆಡಬಹುದು. ಪಾಪ ಎನ್ನುವವರ ಜೊತೆ ಏನು ಮಾಡುತ್ತೀರಿ?

ಸ್ವಾಗತ ಮಾಡುವ ಪ್ರಯತ್ನ ನಡೆಯಲೇ ಇಲ್ಲ ಎಂದಲ್ಲ. ಒಂದು ಸಲ ಸ್ವಾಗತ ಸಮಿತಿ ಹುಟ್ಟಿಕೊಂಡಿತು. ಆಗಿನ ಸಭಾಪಾಲಕರು ವಿಶೇಷ ಭಾನುವಾರ ಎಂದು ಘೋಷಿಸಿ, ನಮ್ಮನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಹೂಗುಚ್ಛ ಕೊಟ್ಟು, ‘ಇಂಥವರಿಗಾಗಿ ಈಗ ಎಲ್ಲರೂ ಎದ್ದು ನಿಂತು ಪ್ರಾರ್ಥಿಸೋಣ’ ಎಂದರು. ಎಲ್ಲರೂ ನಿಂತರು. ಸಮಿತಿಯವರು ಸಾಲಾಗಿ ಬಂದು ಅವಳ ಕೈ ಕುಲುಕಿದರು. ಕುಲುಕಿದ ಕೈ ಬಿಡಲೇ ಇಲ್ಲ ಕೆಲವರು. ಮನೆಗೆ ಬರುವ ದಾರಿಯಲ್ಲಿ ಅವಳು ಆ ಹೂಗುಚ್ಛ ಹಿಡಿದುಕೊಂಡೇ ಕೇಳಿದಳು: ‘ಅಪ್ಪಾ, ನಾವೇನು ತಪ್ಪು ಮಾಡಿದ್ವಿ?’ ಅದಾದ ಮೇಲೆ ನಾವು ಬಹಳ ಕಾಲ ಚರ್ಚಿನ ಕಡೆ ತಲೆ ಹಾಕಲಿಲ್ಲ.

ಇನ್ನು ಆ ತಪ್ಪಿನ ವಿಷಯ. ಟೈಲರಮ್ಮನ ಮನೆಗೆ ಹೊಸ ಸೊಸೆ ಬಂದಳು. ಒಂದು ಭಾನುವಾರ ಟೈಲರಮ್ಮನಿಗೆ ಮೊಣಕಾಲು ನೋವು. ‘ಪಕ್ಕದ ಮನೆಗೆ ಹೋಗಿ ಸರದಿ ಹೇಳಿ ಬಾಮ್ಮ’ ಎಂದು ಸೊಸೆಯನ್ನು ಕಳಿಸಿದರು. ಆ ಹುಡುಗಿಗೆ ಏನು ಗೊತ್ತು? ಪಕ್ಕದ ಮನೆ ಎಂದರೆ ಪಕ್ಕದ ಮನೆ. ನಮ್ಮ ಬಾಗಿಲು ತಟ್ಟಿದಳು. ಬಾಗಿಲು ತೆರೆದವಳು ನನ್ನ ಮಗಳು.

‘ಅಕ್ಕಾ, ಮುಂದಿನ ವಾರ ನಿಮ್ಮ ಸರದಿ.’

‘ಆಯ್ತು’ ಎಂದಳು ನನ್ನ ಮಗಳು.

ಸ್ವಲ್ಪ ಹೊತ್ತಿಗೆಲ್ಲ ಟೈಲರಮ್ಮ ಕುಂಟುತ್ತಾ ಓಡಿ ಬಂದರು. ‘ಅಯ್ಯೋ, ತಪ್ಪು ತಿಳ್ಕೋಬೇಡ ಕಣಮ್ಮ, ಅವಳು ಹೊಸಬಳು, ಗೊತ್ತಾಗಿಲ್ಲ. ನಿನಗೆ ಸುಮ್ನೆ ಯಾಕೆ ತೊಂದರೆ...’ ನನ್ನ ಮಗಳು ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಅಂದಳು: ‘ತಟ್ಟಿ ಆಯ್ತಲ್ಲ, ಆಂಟಿ.’ ಟೈಲರಮ್ಮ ಬಂದ ಹಾಗೇ ಕುಂಟುತ್ತಾ ವಾಪಸು ಹೋದರು. ಆ ವಾರವೆಲ್ಲ ಅವಳು ಓದುವುದನ್ನು ತಪ್ಪಿಸಲು ನಾನು ಮಾಡದ ಉಪಾಯವಿಲ್ಲ. ಜ್ವರ ಬಂದಿದೆ ಎಂದು ಹೇಳೋಣವೇ ಎಂದೆ, ನಾನೇ ಓದಲೇ ಎಂದೆ. ಅವಳು ಕನ್ನಡಿಯ ಮುಂದೆ ನಿಂತು ಪಾಠ ಅಭ್ಯಾಸ ಮಾಡುತ್ತಿದ್ದಳು.

ನನ್ನ ಕಾರನ್ನು ನೀವು ನೋಡಿದ್ದೀರಿ. ಕಲಿಯುವವರ ಕಾಲಡಿಗೆ ಒಂದು ಬ್ರೇಕು, ಮೇಷ್ಟ್ರ ಕಾಲಡಿಗೆ ಇನ್ನೊಂದು. ಮಗಳ ವಿಷಯದಲ್ಲೂ ನಾನು ಹಾಗೇ, ಆ ಎರಡನೇ ಬ್ರೇಕಿನ ಮೇಲಿಂದ ಕಾಲು ತೆಗೆದವನೇ ಅಲ್ಲ. ಇದಕ್ಕೆ ಕಾರಣ ಉಂಟು. ನನಗೊಬ್ಬಳು ಅಕ್ಕ ಇದ್ದಳು. ಇದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವಳಿಗೂ ಇದೇ ಕಾಯಿಲೆ. ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು, ನನಗೆ ಕಾಗದದ ದೋಣಿ ಮಾಡಿಕೊಡುತ್ತಿದ್ದಳು. ಒಂದು ಬೆಳಗ್ಗೆ ಕಾರು ಬಂತು, ಅವಳನ್ನು ಕೂರಿಸಿಕೊಂಡು ಹೋಯಿತು. ಯಾರಾದರೂ ಕೇಳಿದರೆ ದೊಡ್ಡಪ್ಪನ ಮನೆಯಲ್ಲಿದ್ದಾಳೆ ಅನ್ನು ಎಂದು ನನಗೆ ಹೇಳಿಕೊಟ್ಟರು. ಅವಳು ಮತ್ತೆ ಬರಲಿಲ್ಲ. ನನ್ನ ಮಗಳಿಗೆ ಈ ಕಥೆ ಗೊತ್ತು, ನಾನೇ ಒಮ್ಮೆ ಹೇಳಿದ್ದೆ. ಇರಲಿ. ಇದನ್ನೆಲ್ಲ ಹೇಳಬೇಕೆಂದು ಬಂದಿರಲಿಲ್ಲ. ಮೈಕು ಮನುಷ್ಯನ ಕೈಲಿ ಏನೇನೋ ಹೇಳಿಸುತ್ತದೆ.

ಆ ಭಾನುವಾರಕ್ಕೆ ಬರೋಣ. ಅವಳು ಪೀಠದ ಬಳಿ ಹೋಗಿ ನಿಂತಳು. ಪುಟ ತೆರೆದಳು. ಓದಲಿಲ್ಲ. ಕೊನೆಗೆ ಒಂದು ಸಾಲು ಓದಿದಳು, ಸಣ್ಣ ದನಿಯಲ್ಲಿ, ಸ್ಪಷ್ಟವಾಗಿ. ಅಲ್ಲಿಗೆ ನಿಂತಳು. ತಲೆ ಓರೆ ಮಾಡಿ ಬೇರೆ ಯಾರದೋ ಮಾತು ಕೇಳಿಸಿಕೊಳ್ಳತೊಡಗಿದಳು. ಆ ಓರೆ ಏನೆಂದು ನನಗೆ ಗೊತ್ತು. ಅವಳ ಒಳಗಿನ ದನಿಗಳು ಶುರುವಾಗಿದ್ದವು. ಅವಳನ್ನು ಕರೆದುಕೊಂಡು ಬರೋಣವೆಂದು ನಾನು ಅರ್ಧ ಎದ್ದಿದ್ದೆ.

ಆಗ ನಮ್ಮ ಗಡಿಯಾರದಜ್ಜ ಕೂಗಿದರು. ಗಡಿಯಾರದಜ್ಜನನ್ನು ಬಲ್ಲಿರಿ, ಅಗೋ ಎರಡನೇ ಸಾಲಿನಲ್ಲಿ ಕುಳಿತಿದ್ದಾರೆ, ನಾನು ಅವರ ಬಗ್ಗೆ ಹೇಳುತ್ತಿದ್ದೇನೆಂದು ಅವರಿಗೆ ಇನ್ನೂ ಗೊತ್ತಾಗಿಲ್ಲ. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವರು, ಈಗ ಕಿವಿ ಕೇಳುವುದೇ ಇಲ್ಲ. ಪಾಠ ಮುಗಿದ ಕೂಡಲೇ ‘ದೇವರಿಗೆ ಸ್ತೋತ್ರ’ ಎಂದು ಮೊದಲು ಹೇಳುವ ಹಕ್ಕು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಿಗೆ. ಆ ಹಕ್ಕನ್ನು ಅಜ್ಜ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕಿವಿ ಕೇಳದಿದ್ದರೇನು, ಓದುವವರ ತುಟಿ ನೋಡುತ್ತಾರೆ. ತುಟಿ ನಿಂತಿತೋ, ಪಾಠ ಮುಗಿಯಿತು. ನನ್ನ ಮಗಳ ತುಟಿ ನಿಂತಿತ್ತು.

‘ದೇವರಿಗೆ ಸ್ತೋತ್ರ!’ ಎಂದರು ಅಜ್ಜ, ಗಾಜಿನ ಕಿಟಕಿ ಅದುರುವ ಹಾಗೆ.

ಜನ ಏನು ಮಾಡಬೇಕು? ಹಿರಿಯರು ಹೇಳಿದ ಮೇಲೆ ಎಲ್ಲರೂ ಹೇಳಲೇಬೇಕು. ಮುಖ ಮುಖ ನೋಡಿಕೊಂಡು ‘ದೇವರಿಗೆ ಸ್ತೋತ್ರ’ ಎಂದರು. ನನ್ನ ಮಗಳು ಬೆಚ್ಚಿ ತಲೆಯೆತ್ತಿದಳು. ಜನರನ್ನು ನೋಡಿದಳು. ಮತ್ತೆ ಪುಟ ನೋಡಿ ಇನ್ನೊಂದು ಸಾಲು ಓದಿದಳು. ನಿಂತಳು. ‘ದೇವರಿಗೆ ಸ್ತೋತ್ರ!’ ಅಜ್ಜ ಬಿಡುವವರೇ? ಅವಳು ಮತ್ತೊಂದು ಸಾಲು ಓದಿದಳು. ಅಜ್ಜ ಮತ್ತೆ ಕೂಗಿದರು. ಮೂರನೆಯದೋ ನಾಲ್ಕನೆಯದೋ ಸಾಲಿಗೆ ಕೆಲವರು ನಕ್ಕರು. ಆಮೇಲೆ ನಗು ನಿಂತಿತು. ಆಮೇಲೆ, ಸಭಿಕರೇ, ನಿಮ್ಮಲ್ಲಿ ಅಂದು ಅಲ್ಲಿದ್ದವರಿಗೆ ನೆನಪಿದೆ, ಯಾರೂ ಅಜ್ಜನಿಗಾಗಿ ಕಾಯಲಿಲ್ಲ. ಅವಳ ಸಾಲು ಮುಗಿಯುತ್ತಲೇ ಇಡೀ ಚರ್ಚು ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಅವಳ ಕಿವಿಯೊಳಗಿನ ದನಿಗಳಿಗೆ ಸದ್ದು ಮಾಡಲು ಜಾಗವೇ ಉಳಿಯಲಿಲ್ಲ. ಆ ಪಾಠವನ್ನು ನಾನು ಚಿಕ್ಕಂದಿನಿಂದ ಕೇಳಿದವನು. ಒಂದೊಂದು ಸಾಲಿಗೂ ನಿಂತು ಕೃತಜ್ಞತೆ ಹೇಳುವಷ್ಟು ಅದರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ನಾನು ಸುಲಭಕ್ಕೆ ಬೆರಗಾಗುವ ಮನುಷ್ಯನಲ್ಲ. ಅಂದು ಅರ್ಧ ಎದ್ದವನು ಹಾಗೇ ಕುಳಿತುಕೊಂಡೆ.

ಪಾಠ ಮುಗಿಯುವಷ್ಟರಲ್ಲಿ ಉಪದೇಶ ಮಾಡುವ ಪ್ರಸಂಗದ ಹೊತ್ತೂ ಮುಗಿದಿತ್ತು. ಸಭಾಪಾಲಕರು ಎದ್ದು ನಿಂತು, ‘ಇವತ್ತು ನನ್ನದು ಬೇಡ, ಆಶೀರ್ವಾದ ಮಾಡಿಬಿಡ್ತೀನಿ’ ಎಂದರು. ಅದೇ ಅವರು ಈವರೆಗೆ ಮಾಡಿದ ಅತ್ಯುತ್ತಮ ಪ್ರಸಂಗ. ಅಧ್ಯಕ್ಷರು ಕ್ಷಮಿಸಬೇಕು.

ಅಂದು ಸಂಜೆ ಅವಳು ಬೇಕರಿಯವರ ಬಾಗಿಲು ತಟ್ಟಿದಳು. ಅವರು ಹಿಟ್ಟಿನ ಕೈಯಲ್ಲೇ ಬಂದು, ‘ನೀನು ಓದಿದ ಮೇಲೆ ನಾನು ಹೇಗಮ್ಮ ಓದಲಿ? ಈಗ ಎಲ್ಲರೂ ಸಾಲಿಗೊಂದು ಸ್ತೋತ್ರ ಕೇಳ್ತಾರೆ’ ಎಂದು ಗೊಣಗಿದರು. ಮುಂದಿನ ವಾರ ನಿಜಕ್ಕೂ ಹಾಗೇ ಆಯಿತು. ಈಗಲೂ ಹಾಗೇ ಓದುತ್ತೇವೆ. ಹೊಸಬರಿಗೆ ವಿಚಿತ್ರ ಅನ್ನಿಸುತ್ತದೆ, ತಡವೂ ಆಗುತ್ತದೆ. ಯಾರಿಗೂ ಅವಸರವಿಲ್ಲ.

ಆಮೇಲೆ ನಡೆದದ್ದು ಇನ್ನೂ ದೊಡ್ಡದು. ಬೀದಿಯಲ್ಲಿ ಸರದಿ ತಪ್ಪಿದ್ದ ಮನೆ ನಮ್ಮದೊಂದೇ ಆಗಿರಲಿಲ್ಲ! ಸಿಮೆಂಟ್ ಅಂಗಡಿಯವರ ಹೆಂಡತಿ ಗಾಲಿಕುರ್ಚಿಗೆ ಬಂದ ಮೇಲೆ ಆ ಮನೆಯನ್ನೂ ದಾಟಿಕೊಂಡು ಹೋಗುತ್ತಿದ್ದೆವು. ದಾಟಿದವರಲ್ಲಿ ನಾನೂ ಒಬ್ಬ ಎಂದು ಆಗ ಹೊಳೆಯಿತು. ಆ ಬಾಗಿಲು ತಟ್ಟಿದೆವು. ಅವರು ಬಂದರು. ಕುರ್ಚಿ ನಿಲ್ಲಿಸಲು ಜಾಗವಿಲ್ಲ, ನಡುದಾರಿಯಲ್ಲಿ ನಿಲ್ಲಿಸಿದರೆ ಎಲ್ಲರೂ ಎಡವುತ್ತಾರೆ. ಬಡಗಿ ಮುಂದಿನ ಬೆಂಚನ್ನು ಅರ್ಧಕ್ಕೆ ಕೊಯ್ಯುತ್ತೇನೆಂದ. ‘ಅದು ನಮ್ಮಜ್ಜನ ನೆನಪಿಗೆ ಕೊಟ್ಟ ಬೆಂಚು’ ಎಂದು ಒಬ್ಬರು ಕೂಗಾಡಿದರು. ‘ನಿಮ್ಮಜ್ಜ ಇಷ್ಟು ಅಗಲ ಇದ್ದರೇನು?’ ಎಂದು ಬಡಗಿ ಕೇಳಿದ. ಬೆಂಚು ಅರ್ಧವಾಯಿತು. ಅವರು ಗಂಡನ ಪಕ್ಕದಲ್ಲಿ, ಸಾಲಿನಲ್ಲಿ, ಎಲ್ಲರ ಹಾಗೆ ಕುಳಿತರು. ಹೀಗೆ ಒಂದೊಂದೇ ಮನೆ ಹೊರಗೆ ಬಂತು. ಒಳಕೋಣೆಯಲ್ಲಿದ್ದವರು ಬಂದರು. ನಮ್ಮ ಬೀದಿಯಲ್ಲಿ ಇಷ್ಟು ಜನ ಇದ್ದಾರೆಂದು ನಮಗೇ ಗೊತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಪ್ಪಾಳೆ ಗ್ಯಾರಂಟಿ. ಆದರೆ ಕಾಯಿಲೆ ಚಪ್ಪಾಳೆಗೆ ಹೆದರುವುದಿಲ್ಲ.

ಇತ್ತೀಚೆಗೆ ಅದು ಮರಳಿ ಬಂತು. ನಿದ್ದೆ ಹೋಯಿತು, ಊಟ ಹೋಯಿತು, ಮಾತ್ರೆಯಲ್ಲಿ ಏನೋ ಬೆರೆಸಿದ್ದೀರಿ ಎಂದಳು. ಡಾಕ್ಟರು ಕರೆತನ್ನಿ ಎಂದರು. ನಮ್ಮಲ್ಲಿರುವುದು ಅದೊಂದೇ ಕಾರು. ನಾನು ಸ್ಟೀರಿಂಗ್ ಹಿಡಿದೆ, ಅವಳು ಪಕ್ಕದ ಸೀಟಿನಲ್ಲಿ ಕುಳಿತಳು, ನನ್ನ ಸೀಟಿನಲ್ಲಿ. ಗೊತ್ತಾಯಿತಲ್ಲ? ಎರಡನೇ ಬ್ರೇಕು ಅವಳ ಕಾಲಡಿಗೆ. ಬೀದಿ ದಾಟುವ ಮುಂಚೆಯೇ ಒತ್ತಿದಳು. ಕಾರು ನಿಂತಿತು. ನಾನು ಮುಂದೆ ಬಿಟ್ಟೆ, ಅವಳು ಒತ್ತಿದಳು. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ‘ಅತ್ತೇನ ಬಿಟ್ಟು ಬಂದ ಹಾಗೆ ನನ್ನೂ ಬಿಟ್ಟು ಬರೋಕೆ ಕರ್ಕೊಂಡು ಹೋಗ್ತಿದ್ದೀಯ’ ಎಂದಳು. ‘ಇಲ್ಲಮ್ಮ’ ಎಂದೆ. ಇನ್ನೇನು ಹೇಳಲಿ? ಇಂಜಿನ್ ಆರಿಸಿದೆ. ‘ನೀನೇ ಕಾಲು ತೆಗೆಯೋವರೆಗೂ ಕಾಯ್ತೀನಿ’ ಎಂದೆ. ಬಹಳ ಹೊತ್ತು ನಡುರಸ್ತೆಯಲ್ಲಿ ಕುಳಿತಿದ್ದೆವು. ಕೊನೆಗೆ ಕಾಲು ತೆಗೆದಳು. ಆಮೇಲೆ ನನ್ನ ಕಡೆ ತಿರುಗಲಿಲ್ಲ. ವಾರ್ಡಿನ ಬಾಗಿಲಲ್ಲಿ ನರ್ಸಿಗೆ ಹೇಳಿದಳು, ‘ಅಪ್ಪ ಬೇಡ.’

ಮರುದಿನ ನಾನು ಸಭಾಪಾಲಕರಿಗೆ, ಓದುವ ಸರದಿಯಲ್ಲಿ ನಮ್ಮ ಮನೆಯನ್ನು ಬಿಟ್ಟುಬಿಡಿ ಎಂದು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಟೈಲರಮ್ಮ ನಮ್ಮ ಗೇಟು ದಾಟಿ ಹೋಗುತ್ತಿದ್ದರು. ಮೊದಲಿನ ಹಾಗೇ ಮತ್ತೆ ನಮ್ಮನ್ನು ದಾಟಿದರಲ್ಲ ಎಂದು ಗೇಟಿನ ಹತ್ತಿರವೇ ನಿಂತೆ. ಅವರು ಬೇಕರಿಯವರ ಬಾಗಿಲು ತಟ್ಟಿ ಹೇಳಿದ್ದು ನನಗೂ ಕೇಳಿಸಿತು: ‘ಆಸ್ಪತ್ರೆಗೆ ಇವತ್ತು ನಿಮ್ಮ ಸರದಿ.’

ಅಂದಿನಿಂದ ದಿನಕ್ಕೊಂದು ಮನೆ. ಸಂಜೆ ಭೇಟಿಯ ಹೊತ್ತಿಗೆ ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಅವರು ಒಳಗೆ ಹೋಗುತ್ತಾರೆ, ನಾನು ಹೊರಗೆ ಕಾರಿನಲ್ಲೇ ಕುಳಿತಿರುತ್ತೇನೆ. ಮೊದಮೊದಲು ಅವಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳಂತೆ. ಇವರು ಬೇಸರ ಮಾಡಿಕೊಳ್ಳಲಿಲ್ಲ. ಬೇಕರಿಯವರು ಅವಳ ಬೆನ್ನಿಗೇ ತಮ್ಮ ಒಲೆ ಕೆಟ್ಟ ಕಥೆ ಪೂರ್ತಿ ಹೇಳಿ ಬಂದರು. ಬಡಗಿ ಅಲ್ಲಿ ಏನು ಮಾತಾಡಬೇಕೋ ತಿಳಿಯದೆ ಕಿಟಕಿಯ ಅಳತೆ ತೆಗೆದು ಬಂದ. ಗಡಿಯಾರದಜ್ಜ ಹೋದವರೇ ಸ್ಟೂಲಿನ ಮೇಲೆ ಕುಳಿತು ನಿದ್ದೆಹೋಗಿ ವಾರ್ಡೇ ಎದ್ದು ಕೂರುವಂತೆ ಗೊರಕೆ ಹೊಡೆದರು. ಅವಳು ನಕ್ಕಳಂತೆ. ಸಿಮೆಂಟ್ ಅಂಗಡಿಯ ಅತ್ತಿಗೆಯ ಗಾಲಿಕುರ್ಚಿಗೆ ದಾರಿ ಬಿಡಲು ಅವಳೇ ಮಂಚದಿಂದ ಇಳಿದು ಸ್ಟೂಲು ಸರಿಸಿದಳಂತೆ. ಇವನ್ನೆಲ್ಲ ನಾನು ನೋಡಿಲ್ಲ. ಕಾರಿನ ಬಾಗಿಲು ತೆರೆದು ಕೂರುತ್ತಾ ಅವರು ಹೇಳಿದ್ದು. ‘ಮೇಷ್ಟ್ರೇ, ಇವತ್ತು ಇತ್ತ ತಿರುಗಿ ಕೂತಿದ್ದಳು.’ ‘ಮೇಷ್ಟ್ರೇ, ಇವತ್ತು ಟೀ ಕುಡಿದಳು.’ ನನ್ನ ಮಗಳು ಹೀಗೆ ಚೂರುಚೂರಾಗಿ, ಬೇರೆ ಬೇರೆಯವರ ಬಾಯಲ್ಲಿ ನನಗೆ ಸಿಕ್ಕಿದಳು. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ದೇವರು ಹೇಗಿರುತ್ತಾನೆಂದು ಯಾರಾದರೂ ಕೇಳಿದರೆ, ಬಡಗಿ ಟೇಪು ಹಿಡಿದು ಆ ಕಿಟಕಿ ಅಳೆಯುತ್ತಿರುವುದೇ ನನ್ನ ಕಣ್ಣಮುಂದೆ ಬರುತ್ತದೆ.

ನಿನ್ನೆ ಬೀದಿ ಸುತ್ತಿ ಬಂದ ಸರದಿ ಟೈಲರಮ್ಮನದಾಗಿತ್ತು. ಆಸ್ಪತ್ರೆಯಿಂದ ಹೊರಗೆ ಬಂದವರು ಕಾರು ಹತ್ತಲಿಲ್ಲ. ಬಾಗಿಲು ಹಿಡಿದುಕೊಂಡು ನಿಂತರು. ಹೊರಡುವಾಗ ಮಗಳು ಕೇಳಿದಳಂತೆ: ‘ಆಂಟಿ, ನಾಳೆ ಯಾರ ಮನೆ ಸರದಿ?’

ಟೈಲರಮ್ಮನ ಪಕ್ಕದ ಮನೆ ಯಾವುದು? ‘ನಾಳೆ... ನಿಮ್ಮ ಮನೇದೇ ಕಣಮ್ಮ’ ಎಂದರಂತೆ. ಅವಳು ಹೊದಿಕೆ ಮಡಿಸಿದಳಂತೆ. ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳಂತೆ. ಇವರು ಬಾಗಿಲವರೆಗೆ ಹೋದ ಮೇಲೆ ಕರೆದು ಹೇಳಿದಳಂತೆ: ‘ಹಾಗಾದರೆ ಬಾಗಿಲು ತಟ್ಟಿ ಹೇಳಿ. ಸುಮ್ನೆ ದಾರೀಲಿ ಹೇಳಬೇಡಿ.’

ಇಷ್ಟು ಹೇಳಿ ಟೈಲರಮ್ಮ ಕಾರು ಹತ್ತಿದರು. ಮನೆಯ ಮುಂದೆ ಕಾರು ನಿಲ್ಲಿಸಿದೆ. ‘ನೀವು ಒಳಗೆ ಹೋಗಿ ಅಣ್ಣ, ಬಾಗಿಲು ಹಾಕ್ಕೊಳ್ಳಿ’ ಎಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೇಟಿನ ಸದ್ದಾಯಿತು. ಚಪ್ಪಲಿಯ ಸದ್ದು ಮೆಟ್ಟಿಲು ಹತ್ತಿತು. ಬಾಗಿಲು ತಟ್ಟಿದರು. ತೆರೆದೆ. ಟೈಲರಮ್ಮ ಸೆರಗು ಸರಿಮಾಡಿಕೊಂಡು, ನನ್ನನ್ನು ಮೊದಲ ಸಲ ನೋಡುವವರ ಹಾಗೆ ನಿಂತು ಹೇಳಿದರು:

‘ನಾಳೆ ನಿಮ್ಮ ಸರದಿ.’

‘ಆಯ್ತು’ ಎಂದೆ.

ಸಭಿಕರೇ, ಭೇಟಿಯ ಹೊತ್ತು ಹತ್ತಿರವಾಯಿತು. ವಂದನಾರ್ಪಣೆಯವರೆಗೆ ನಿಲ್ಲಲಾರೆ, ಅದಕ್ಕೆ ಅಧ್ಯಕ್ಷರ ಕ್ಷಮೆ ಕೇಳುತ್ತೇನೆ. ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ, ನಮ್ಮ ಬೀದಿಯ ಒಂದೊಂದು ಮನೆಗೂ ನನ್ನ ಕೃತಜ್ಞತೆಗಳು. ಹೋಗಿ ಬರುತ್ತೇನೆ, ನನ್ನ ಮಗಳು ಕಾಯುತ್ತಿದ್ದಾಳೆ. ಎಲ್ಲರಿಗೂ ನಮಸ್ಕಾರ.